ಉಪ್ಪಿನ ಕೋಣೆ: ಉಪ್ಪು ಗೋಡೆಯಲ್ಲಿದೆಯೋ, ಗಾಳಿಯಲ್ಲಿದೆಯೋ?

ಗೋಡೆ, ನೆಲಕ್ಕೆಲ್ಲ ಉಪ್ಪು ಹಾಕಿ, ಅಲ್ಲಿ ಕುಳಿತರೆ ಮನಸ್ಸಿಗೂ ಉಸಿರಿಗೂ ಒಳ್ಳೆಯದು ಎಂದು ದುಡ್ಡು ತೆಗೆದುಕೊಳ್ಳುವ ಜಾಗವೇ ಉಪ್ಪಿನ ಕೋಣೆ. ಅದಕ್ಕೆ ದುಡ್ಡು ಕಟ್ಟುವ ಮೊದಲು ಫೋನಿನಲ್ಲೇ ಒಂದು ಪ್ರಶ್ನೆ ಕೇಳಿಬಿಡಿ: ‘ನಿಮ್ಮಲ್ಲಿ ಉಪ್ಪು ಗೋಡೆಯಲ್ಲಿ ಮಾತ್ರ ಇದೆಯೋ, ಗಾಳಿಯಲ್ಲೂ ಇದೆಯೋ?’ ಬೆಂಗಳೂರಿನಲ್ಲಿ ನಾನು ಹೀಗೆ ಕೇಳಿದಾಗ ಒಂದು ಕಡೆ ನೇರ ಉತ್ತರ ಸಿಕ್ಕಿತು. ಇನ್ನೊಂದು ಕಡೆ ‘ನಮ್ಮದು ಅಸಲಿ ಹಿಮಾಲಯದ ಉಪ್ಪು ಮೇಡಂ’ ಎಂದರು. ಅದು ನಾನು ಕೇಳಿದ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

ನಾನು ವಿಚಾರಿಸಲು ಹೊರಟದ್ದು ಇಬ್ಬರಿಗಾಗಿ. ನನಗೆ ಬೇಕಾಗಿದ್ದದ್ದು ಒಂದು ಗಂಟೆಯ ಮೌನ. ಕಚೇರಿ, ಟ್ರಾಫಿಕ್, ಮನೆ ಎಂದು ಸುತ್ತುತ್ತಾ ನಿದ್ದೆ ಕೆಟ್ಟಿತ್ತು. ಕುಮಟೆಯಲ್ಲಿರುವ ಅಕ್ಕನಿಗೆ ಚಿಕ್ಕಂದಿನಿಂದ ಉಬ್ಬಸ, ಪಂಪ್ (ಇನ್ಹೇಲರ್) ಸದಾ ಜೊತೆಗಿರುತ್ತದೆ. ಯಾರೋ ಕಳುಹಿಸಿದ ವಿಡಿಯೊ ನೋಡಿ, ‘ಉಪ್ಪಿನ ಕೋಣೆಯಲ್ಲಿ ಕುಳಿತರೆ ಪಂಪ್ ಬಿಡಬಹುದಂತೆ, ಹೌದೇನೇ?’ ಎಂದು ಕೇಳಿದ್ದಳು. ಒಬ್ಬಳಿಗೆ ವಿಶ್ರಾಂತಿ ಬೇಕು, ಇನ್ನೊಬ್ಬಳಿಗೆ ಉಸಿರು ಬೇಕು. ಇವೆರಡನ್ನೂ ಒಂದೇ ಪ್ಯಾಕೇಜಿನಲ್ಲಿ ಮಾರುತ್ತಾರೆ ಎಂಬುದೇ ಈ ವಿಷಯದಲ್ಲಿ ಆಗುವ ಗೊಂದಲಕ್ಕೆಲ್ಲ ಮೂಲ. ಹಾಗಾಗಿ ಕೋಣೆಗಳನ್ನು ಹೋಲಿಸುವ ಮೊದಲು ನಿಮಗೆ ಬೇಕಾದದ್ದು ಯಾವುದು ಎಂದು ಗಟ್ಟಿ ಮಾಡಿಕೊಳ್ಳಿ.

ಗೋಡೆಯ ಉಪ್ಪು

ಮೊದಲ ಬಗೆಯ ಕೋಣೆ ಕಣ್ಣಿಗೆ ಹಬ್ಬ. ಗೋಡೆಗೆ ಗುಲಾಬಿ ಬಣ್ಣದ ಉಪ್ಪಿನ ಇಟ್ಟಿಗೆ, ಅದರ ಹಿಂದೆ ಮಂದ ದೀಪ, ಕಾಲ ಕೆಳಗೆ ಅವರೆಕಾಳಿನಷ್ಟು ದಪ್ಪದ ಉಪ್ಪಿನ ಹರಳು, ಒರಗುವ ಕುರ್ಚಿ, ಮೆಲ್ಲಗೆ ಏಳುವ ಕೊಳಲಿನ ಸಂಗೀತ. ಇಲ್ಲಿ ಯಂತ್ರವಿಲ್ಲ. ಗೋಡೆಯಿಂದ ಉಪ್ಪು ತಾನಾಗಿ ಗಾಳಿಗೆ ಸೇರುತ್ತದೆ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಆವಿಯಾಗಲು ಇನ್ನೂ ಹೆಚ್ಚು. ಅಡುಗೆಮನೆಯ ಉಪ್ಪಿನ ಮರಿಗೆಯ ಮುಚ್ಚಳ ವರ್ಷಗಟ್ಟಲೆ ತೆಗೆದಿಟ್ಟರೂ ಒಳಗಿನ ಉಪ್ಪು ಕರ್ಪೂರದಂತೆ ಹಾರಿಹೋಗುವುದಿಲ್ಲ. ಗೋಡೆಗೆ ಹಚ್ಚಿದ ಉಪ್ಪೂ ಹಾಗೆಯೇ.

ಗುಲಾಬಿ ಬಣ್ಣ ಬರುವುದು ಉಪ್ಪಿನಲ್ಲಿರುವ ಕಬ್ಬಿಣದ ಅಂಶದಿಂದ. ಹಿಮಾಲಯದ ಹೆಸರಿನಲ್ಲಿ ಮಾರಾಟವಾಗುವ ಈ ಉಪ್ಪು ಬಹುಪಾಲು ಬರುವುದು ಪಾಕಿಸ್ತಾನದ ಪಂಜಾಬಿನ ಖೇವ್ಡಾ ಗಣಿಯಿಂದ. ನಮ್ಮ ಅಜ್ಜಿಯಂದಿರು ಏಕಾದಶಿಯ ಫಲಾಹಾರಕ್ಕೆ ಬಳಸುತ್ತಿದ್ದ ಸೈಂಧವ ಲವಣದ ಹೆಸರಿನಲ್ಲೇ ಸಿಂಧೂ ನದಿಯ ಸೀಮೆ ಇದೆ. ಅಲ್ಲಿನ ಉಪ್ಪಿನ ಬೆಟ್ಟಗಳೇ ಇವು. ಹಳೆಯ ನಂಟಿನ ಉಪ್ಪು, ನೋಡಲು ಬಲು ಚೆಂದ. ಕೋಣೆಯಲ್ಲಿ ಅದರ ಕೆಲಸ ಅಲಂಕಾರ, ಅಷ್ಟೇ.

ಆದರೂ ಈ ಬಗೆಯ ಕೋಣೆಯನ್ನು ನಾನು ತಳ್ಳಿಹಾಕುವುದಿಲ್ಲ. ಮೊಬೈಲ್ ಹೊರಗಿಟ್ಟು, ಮಬ್ಬು ಬೆಳಕಿನಲ್ಲಿ, ಒಣ ತಂಪಿನಲ್ಲಿ ಮುಕ್ಕಾಲು ಗಂಟೆ ಕಾಲು ಚಾಚಿ ಒರಗಿದರೆ ಮೈ ಸಡಿಲಾಗುತ್ತದೆ. ನಾನು ಮೊದಲ ದಿನವೇ ಅರ್ಧಕ್ಕೆ ನಿದ್ದೆ ಹೋದೆ. ವಿಶ್ರಾಂತಿಗೆ ಹೋಗುವವರಿಗೆ ಇದು ಸಾಕು. ಉಸಿರಾಟದ ಚಿಕಿತ್ಸೆಯ ದರವನ್ನು ಇದಕ್ಕೆ ಕೊಡಬೇಡಿ.

ಗಾಳಿಯ ಉಪ್ಪು

ಎರಡನೆಯ ಬಗೆಯಲ್ಲಿ ಕೋಣೆಯ ಹೊರಗೆ ಅಥವಾ ಗೋಡೆಯ ಹಿಂದೆ ಒಂದು ಯಂತ್ರ ಇರುತ್ತದೆ. ಅದನ್ನು ಹ್ಯಾಲೋಜನರೇಟರ್ ಎನ್ನುತ್ತಾರೆ. ಇದು ಉಪ್ಪನ್ನು ಅರೆದು ಕೆಲವೇ ಮೈಕ್ರಾನ್ ಗಾತ್ರದ ಪುಡಿ ಮಾಡಿ ಒಂದು ಕಿಂಡಿಯ ಮೂಲಕ ಒಳಗೆ ಊದುತ್ತದೆ. ಗಾತ್ರದ ಅಂದಾಜು ಸಿಗಬೇಕಾದರೆ, ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಹತ್ತು ಮೈಕ್ರಾನಿಗಿಂತ ದಪ್ಪದ ಕಣಗಳನ್ನು ಹೆಚ್ಚಾಗಿ ಮೂಗು ಮತ್ತು ಗಂಟಲು ತಡೆಯುತ್ತವೆ. ಒಂದರಿಂದ ಐದು ಮೈಕ್ರಾನಿನವು ಶ್ವಾಸನಾಳದ ಕವಲುಗಳವರೆಗೆ ಇಳಿಯುತ್ತವೆ. ಯಂತ್ರಕ್ಕೆ ಹಾಕಬೇಕಾದದ್ದು ಔಷಧ ತಯಾರಿಕೆಯ ದರ್ಜೆಯ ಶುದ್ಧ ಸೋಡಿಯಂ ಕ್ಲೋರೈಡ್. ‘ನಾವು ಯಂತ್ರಕ್ಕೂ ಗುಲಾಬಿ ಉಪ್ಪನ್ನೇ ಹಾಕುತ್ತೇವೆ’ ಎಂದು ಹೆಮ್ಮೆಯಿಂದ ಹೇಳುವ ಕಡೆ ಹೋಗಬೇಡಿ. ಊಟದಲ್ಲಿ ಹೊಟ್ಟೆಗೆ ಹೋಗುವ ಖನಿಜದ ಪುಡಿ ಬೇರೆ, ಶ್ವಾಸಕೋಶಕ್ಕೆ ಇಳಿಯುವ ಪುಡಿ ಬೇರೆ.

ಯಂತ್ರ ಇದೆಯೋ ಇಲ್ಲವೋ, ಓಡುತ್ತಿದೆಯೋ ಇಲ್ಲವೋ ಎಂದು ಅಲ್ಲೇ ಪರೀಕ್ಷಿಸಬಹುದು. ನಾನು ಕಪ್ಪು ದುಪಟ್ಟಾ ಹೊದ್ದು ಹೋಗಿದ್ದೆ. ಹದಿನೈದು ನಿಮಿಷವಾಗುವಷ್ಟರಲ್ಲಿ ತುಟಿಯ ಮೇಲೆ ನಾಲಿಗೆ ಆಡಿಸಿದರೆ ಮೆಲುವಾದ ಉಪ್ಪು ಸಿಕ್ಕಿತು. ಕನ್ನಡಕದ ಗಾಜು ಮಸುಕಾಯಿತು, ಒರೆಸಿದರೆ ಬೆರಳಿಗೆ ನುಣುಪಾದ ಪುಡಿ ಅಂಟಿತು. ಎದ್ದು ಬರುವಾಗ ದುಪಟ್ಟಾದ ಮಡಿಕೆಗಳಲ್ಲಿ ಜರಡಿ ಹಿಡಿದ ಅಕ್ಕಿಹಿಟ್ಟಿನಂಥ ಬಿಳುಪು. ಮುಕ್ಕಾಲು ಗಂಟೆ ಕುಳಿತರೂ ತುಟಿ ಸಪ್ಪೆಯಾಗಿಯೇ ಇದ್ದರೆ, ಅದು ಗೋಡೆಯ ಉಪ್ಪಿನ ಕೋಣೆ. ಫಲಕದಲ್ಲಿ ಏನೇ ಬರೆದಿರಲಿ.

ಇನ್ನೊಂದು ಪರೀಕ್ಷೆ ಅಂಗೈಯದ್ದು. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಆಷಾಢದ ಮಳೆಯಲ್ಲಿ ಮರಿಗೆಯ ಉಪ್ಪು ನೀರೊಡೆಯುತ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ಗಾಳಿಯ ನೀರನ್ನು ಹೀರಿ ತಾನೇ ಕರಗತೊಡಗುತ್ತದೆ. ಆದ್ದರಿಂದ ಉಪ್ಪಿನ ಕೋಣೆ ಒಣಗಿರಲೇಬೇಕು. ತೇವವಿದ್ದರೆ ಸಣ್ಣ ಕಣಗಳು ನೀರು ಹೀರಿ ಉಬ್ಬಿ, ಒಂದಕ್ಕೊಂದು ಅಂಟಿಕೊಂಡು, ಶ್ವಾಸನಾಳಕ್ಕೆ ತಲುಪುವ ಮೊದಲೇ ಉದುರಿಬಿಡುತ್ತವೆ. ಒಳಗೆ ಹೋದ ಕೂಡಲೇ ಗೋಡೆಗೆ ಅಂಗೈ ಒತ್ತಿ ನೋಡಿ. ಅಂಟಂಟಾಗಿದ್ದರೆ, ನೆಲದ ಹರಳು ಗಂಟುಗಟ್ಟಿದ್ದರೆ, ಆ ಕೋಣೆಯ ನಿರ್ವಹಣೆ ಸರಿಯಿಲ್ಲ. ಮಂಗಳೂರು, ಉಡುಪಿಯ ಕಡೆಯವರು ಮಳೆಗಾಲದಲ್ಲಿ ಇದನ್ನು ತಪ್ಪದೆ ನೋಡಬೇಕು.

ಎಷ್ಟು ಉಪ್ಪು ಒಳಗೆ ಹೋಗುತ್ತದೆ?

ಬಿಪಿ ಇರುವವರು ಮೊದಲು ಕೇಳುವ ಪ್ರಶ್ನೆ ಇದು. ಲೆಕ್ಕ ಸರಳ. ಸುಮ್ಮನೆ ಒರಗಿದ ಮನುಷ್ಯ ನಿಮಿಷಕ್ಕೆ ಸುಮಾರು ಏಳು ಲೀಟರ್ ಗಾಳಿ ಎಳೆದುಕೊಳ್ಳುತ್ತಾನೆ. 45 ನಿಮಿಷಕ್ಕೆ 300 ಲೀಟರ್ ಚಿಲ್ಲರೆ. ಒಂದು ಘನ ಮೀಟರ್ ಗಾಳಿಯಲ್ಲಿ, ಅಂದರೆ ಸಾವಿರ ಲೀಟರಿನಲ್ಲಿ, ಹತ್ತು ಮಿಲಿಗ್ರಾಂ ಉಪ್ಪಿದೆ ಎಂದು ಹಿಡಿದರೂ ಒಳಗೆ ಹೋಗುವುದು ಮೂರು ಮಿಲಿಗ್ರಾಂ ಮಾತ್ರ. ಸಾರಿಗೆ ಹಾಕುವ ಒಂದು ಚಿಟಿಕೆ ಉಪ್ಪು ಸುಮಾರು 300 ಮಿಲಿಗ್ರಾಂ ತೂಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಇರಲಿ ಎನ್ನುತ್ತದೆ. ಆ ಲೆಕ್ಕದಲ್ಲಿ ಕೋಣೆಯ ಉಪ್ಪಿನಿಂದ ಬಿಪಿ ಏರುವ ಭಯ ಬೇಡ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಕಡೆ ನೋಡಿಕೊಂಡರೆ ಸಾಕು.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಉಪ್ಪಿನ ಕೋಣೆಯ ಪ್ರಚಾರದಲ್ಲಿ ‘ಉಪ್ಪು ಕಫ ಸಡಿಲಿಸುತ್ತದೆ ಎಂದು ಸಂಶೋಧನೆ ಹೇಳಿದೆ’ ಎಂಬ ಮಾತು ಬರುತ್ತದೆ. ಸಂಶೋಧನೆ ನಡೆದದ್ದು ನಿಜ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯವರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗ ಅದು. ಅವರಿಗೆ ಕೊಟ್ಟದ್ದು ಶೇಕಡಾ ಏಳರ ಉಪ್ಪುನೀರು, ಒಮ್ಮೆಗೆ ನಾಲ್ಕು ಮಿಲಿಲೀಟರ್, ದಿನಕ್ಕೆ ಎರಡು ಬಾರಿ, ದ್ರವವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಯಂತ್ರದ ಮೂಲಕ, 48 ವಾರಗಳ ಕಾಲ. ನೆಬ್ಯುಲೈಸರಿಗೆ ಹಾಕುವ ಆ ಒಂದು ಡೋಸಿನಲ್ಲಿ 280 ಮಿಲಿಗ್ರಾಂ ಉಪ್ಪಿದೆ. ಕೋಣೆಯಲ್ಲಿ ಸಿಗುವುದು ಮೂರು. ಉಪ್ಪು ಒಂದೇ ಆದರೂ ಚಿಕಿತ್ಸೆ ಒಂದೇ ಅಲ್ಲ. ಅಲ್ಲಿ ಸಿಕ್ಕ ಫಲವನ್ನು ಇಲ್ಲಿಗೆ ತಂದು ಅಂಟಿಸುವುದು ರೋಗಿಗಳಿಗೆ ಮಾಡುವ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ಉಪ್ಪಿನ ಕೋಣೆಯ ಬಗ್ಗೆಯೇ ನಡೆದ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದವರಿದ್ದಾರೆ. ದೀರ್ಘಕಾಲದ ಶ್ವಾಸಕೋಶ ಕಾಯಿಲೆ ಸಿಒಪಿಡಿಗೆ ಇದು ಉಪಯುಕ್ತವೇ ಎಂದು 2014ರಲ್ಲಿ ಪ್ರಕಟವಾದ ಒಂದು ಪರಿಶೀಲನೆ, ಶಿಫಾರಸು ಮಾಡುವಷ್ಟು ಗಟ್ಟಿ ಆಧಾರ ಇಲ್ಲ ಎಂದಿತು. ಕೆಲವರಿಗೆ ಮೂಗು ಹಗುರವಾದಂತೆ, ಕಫ ಸಡಿಲವಾದಂತೆ ಅನಿಸುವುದು ನಿಜ, ನನಗೂ ಅನಿಸಿತು. ಅನಿಸಿಕೆಗೆ ಬೆಲೆ ಇದೆ. ಅದಕ್ಕಾಗಿ ಮಾತ್ರೆ ಬಿಡುವಷ್ಟು ಬೆಲೆ ಇಲ್ಲ.

ಅಕ್ಕನ ಹತ್ತು ನಿಮಿಷ

ಅಕ್ಕ ಬೆಂಗಳೂರಿಗೆ ಬಂದಾಗ ಯಂತ್ರವಿರುವ ಕೋಣೆಗೆ ಕರೆದುಕೊಂಡು ಹೋದೆ. ಈ ತಪ್ಪು ನನ್ನದು. ಅವಳ ಡಾಕ್ಟರನ್ನು ಕೇಳಿರಲಿಲ್ಲ. ಒಳಗೆ ಬ್ಯಾಗ್ ತರಬಾರದು ಎಂದರು, ಲಾಕರಿನಲ್ಲಿಟ್ಟೆವು. ಬ್ಯಾಗಿನೊಳಗೆ ಅವಳ ಪಂಪ್ ಇತ್ತು. ಹತ್ತು ನಿಮಿಷವಾಗಿರಬಹುದು, ಅವಳ ಉಸಿರಿನಲ್ಲಿ ನನಗೆ ಚಿಕ್ಕಂದಿನಿಂದ ಪರಿಚಿತವಾದ ಆ ಸೀಟಿ ಕೇಳಿಸಿತು. ಎದ್ದು ಬಾಗಿಲು ಬಡಿದೆ. ಬಂದ ಹುಡುಗಿ, ‘ಮೊದಮೊದಲು ಹಾಗೇ ಆಗುತ್ತದೆ ಮೇಡಂ, ಒಳಗಿನ ಕೆಟ್ಟದ್ದು ಹೊರಗೆ ಬರುತ್ತಿದೆ’ ಎಂದಳು. ಕೆಟ್ಟದ್ದು ಹೊರಬರುತ್ತಿರಲಿಲ್ಲ, ಶ್ವಾಸನಾಳ ಬಿಗಿಯುತ್ತಿತ್ತು. ಲಾಕರ್ ತೆರೆಸಿ ಪಂಪ್ ಎರಡು ಬಾರಿ ಎಳೆದ ಮೇಲೆ ಸರಿಹೋಯಿತು.

ಆಮೇಲೆ ಡಾಕ್ಟರು ಹೇಳಿದ್ದು ಕೇಳಿ ನನಗೆ ನಡುಕ ಬಂತು. ಗಾಢ ಉಪ್ಪುನೀರಿನ ಹನಿಗಳನ್ನು ಉಸಿರಿನಲ್ಲಿ ಕೊಟ್ಟು ಶ್ವಾಸನಾಳ ಬಿಗಿಯುತ್ತದೆಯೇ ಎಂದು ನೋಡುವುದು ಉಬ್ಬಸ ಪತ್ತೆಹಚ್ಚುವ ಪರೀಕ್ಷೆಗಳಲ್ಲಿ ಒಂದಂತೆ. ಉಪ್ಪು ಕೆಲವರ ಉಬ್ಬಸವನ್ನು ಕೆರಳಿಸಬಲ್ಲದು ಎಂದು ವೈದ್ಯರಿಗೆ ಮೊದಲಿಂದ ಗೊತ್ತಿದೆ. ನಮಗೆ ಗೊತ್ತಿರಲಿಲ್ಲ.

ಆದ್ದರಿಂದ ಉಬ್ಬಸ, ಸಿಒಪಿಡಿ ಇರುವವರು ಎದೆರೋಗ ತಜ್ಞರನ್ನು ಕೇಳದೆ ಯಂತ್ರದ ಕೋಣೆಗೆ ಕಾಲಿಡಬೇಡಿ. ಕೇಳಿ ಹೋದರೂ ಪಂಪ್ ಲಾಕರಿನಲ್ಲಿ ಅಲ್ಲ, ಮಡಿಲಿನಲ್ಲಿ ಇರಲಿ. ಬಿಡುವುದಿಲ್ಲ ಎಂದರೆ ವಾಪಸು ಬನ್ನಿ. ಜ್ವರ, ಕೆಮ್ಮು, ನೆಗಡಿ ಇರುವಾಗ ಮುಚ್ಚಿದ ಕೋಣೆಯಲ್ಲಿ ಇತರರೊಂದಿಗೆ ಕೂರುವುದು ಅವರಿಗೂ ಒಳ್ಳೆಯದಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಉಪ್ಪಿನ ಕೋಣೆಯಲ್ಲ, ಕ್ಷಯದ ಪರೀಕ್ಷೆ ಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ಮಾಡುತ್ತಾರೆ. ಗರ್ಭಿಣಿಯರೂ ತಮ್ಮ ವೈದ್ಯರನ್ನು ಕೇಳಿಯೇ ಹೋಗಲಿ.

ನಿಜವಾದ ಗಣಿ ಬೇರೆಯೇ

ಈ ಪದ್ಧತಿಯ ತವರು ಪೋಲೆಂಡ್. ಕ್ರಾಕೋವ್ ನಗರದ ಪಕ್ಕದ ವಿಯೆಲಿಚ್ಕಾ ಉಪ್ಪಿನ ಗಣಿಯ ವೈದ್ಯ ಫೆಲಿಕ್ಸ್ ಬೋಚ್ಕೊವ್ಸ್ಕಿ 1839ರಲ್ಲಿ ಅಲ್ಲಿ ಉಪ್ಪುನೀರಿನ ಸ್ನಾನದ ಚಿಕಿತ್ಸೆ ಆರಂಭಿಸಿದ. ಇಂದಿಗೂ ಆ ಗಣಿಯಲ್ಲಿ ನೆಲದಿಂದ 135 ಮೀಟರ್ ಆಳದಲ್ಲಿ ಉಸಿರಾಟದ ತೊಂದರೆಯವರಿಗೆ ಆರೋಗ್ಯಧಾಮವಿದೆ. ಬೆಂಗಳೂರಿನ ಕೋಣೆ ತನ್ನ ಕಥೆಯನ್ನು ಇಲ್ಲಿಂದಲೇ ಶುರು ಮಾಡುತ್ತದೆ. ಆದರೆ ಗಣಿಯಲ್ಲಿ ಇರುವುದು ಉಪ್ಪು ಮಾತ್ರವಲ್ಲ. ಮೇಲಿನ ಊರಿನ ಧೂಳಿಲ್ಲ, ಪರಾಗವಿಲ್ಲ, ವಾಹನದ ಹೊಗೆಯಿಲ್ಲ, ವರ್ಷವಿಡೀ ಒಂದೇ ತಂಪು. ರೋಗಿಗಳು ದಿನಕ್ಕೆ ಹಲವು ಗಂಟೆ ಅಲ್ಲಿದ್ದು, ವೈದ್ಯರ ಕಣ್ಣಳತೆಯಲ್ಲಿ ಉಸಿರಾಟದ ವ್ಯಾಯಾಮ ಮಾಡುತ್ತಾರೆ. ಇಷ್ಟರಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಎಂದು ಬಿಡಿಸಿ ಹೇಳುವುದು ಕಷ್ಟ. ಧೂಳಿನ ರಸ್ತೆಯ ಬದಿಯ ಕಟ್ಟಡದಲ್ಲಿ 45 ನಿಮಿಷ ಕೂರುವುದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಯುರೋಪಿನಲ್ಲಿ ಇರುವ ಕನ್ನಡಿಗರಿಗೆ, ಪ್ರವಾಸ ಹೋಗುವವರಿಗೆ ನನ್ನ ಸಲಹೆ: ಕೃತಕ ಕೋಣೆಗೆ ಖರ್ಚು ಮಾಡುವ ಬದಲು ಗಣಿಯನ್ನೇ ನೋಡಿ. ವಿಯೆಲಿಚ್ಕಾ 1978ರಿಂದ ವಿಶ್ವ ಪರಂಪರೆಯ ತಾಣ. 101 ಮೀಟರ್ ಆಳದಲ್ಲಿ ಸಂತ ಕಿಂಗಾಳ ಪ್ರಾರ್ಥನಾ ಮಂದಿರವಿದೆ. ಅದರ ನೆಲ, ಗೋಡೆಯ ಕೆತ್ತನೆ, ತೂಗುದೀಪದ ಹರಳು ಎಲ್ಲವೂ ಉಪ್ಪು. ಮಂಡಿನೋವಿನವರು ಯೋಚಿಸಿ, ಆರಂಭದಲ್ಲೇ ಸುಮಾರು 380 ಮೆಟ್ಟಿಲು ಇಳಿಯಬೇಕು. ರುಮೇನಿಯಾದ ತುರ್ದಾ ಗಣಿಯೊಳಗೆ ತೊಟ್ಟಿಲು ಚಕ್ರ, ದೋಣಿವಿಹಾರವೂ ಇರುವುದರಿಂದ ಮಕ್ಕಳಿದ್ದವರಿಗೆ ಅದು ಒಳ್ಳೆಯದು. ಅದೇ ದೇಶದ ಪ್ರೈದ್ ಗಣಿಯ ಹೆಸರು ಹಳೆಯ ಪ್ರವಾಸಿ ಕೈಪಿಡಿಗಳಲ್ಲಿ ಸಿಗುತ್ತದೆ. 2025ರ ಮೇ ತಿಂಗಳಲ್ಲಿ ಹಳ್ಳದ ನೀರು ನುಗ್ಗಿ ಅದು ಮುಳುಗಿತು. ಅದನ್ನು ನಂಬಿ ಟಿಕೆಟ್ ಮಾಡಿಸಬೇಡಿ.

ಪೋಲೆಂಡಿನ ಚೆಹೊಚಿನೆಕ್, ಜರ್ಮನಿಯ ಬಾಡ್ ಕ್ರೊಯ್ಟ್ಸ್‌ನಾಖ್ ಊರುಗಳಲ್ಲಿ ಇನ್ನೊಂದು ಬಗೆಯಿದೆ. ಎತ್ತರದ ಮರದ ಚೌಕಟ್ಟಿಗೆ ಮುಳ್ಳುಕಂಟಿಯ ಹೊರೆಗಳನ್ನು ಒತ್ತಾಗಿ ಜೋಡಿಸಿ, ಮೇಲಿನಿಂದ ಉಪ್ಪುನೀರು ತೊಟ್ಟಿಕ್ಕುವಂತೆ ಬಿಡುತ್ತಾರೆ. ಉಪ್ಪು ತೆಗೆಯಲು ಕಟ್ಟಿದ ಗೋಡೆಗಳಿವು. ಈಗ ಜನ ಅವುಗಳ ನೆರಳಿನಲ್ಲಿ ನಡೆದಾಡಿ ತಂಪು ಗಾಳಿ ಕುಡಿಯುತ್ತಾರೆ. ಬಯಲು, ಬೆಳಕು, ನಡಿಗೆ ಮೂರೂ ಸಿಗುತ್ತವೆ. ನನ್ನ ಮನಸ್ಸು ಮುಚ್ಚಿದ ಕೋಣೆಗಿಂತ ಇದನ್ನೇ ಮೆಚ್ಚುತ್ತದೆ.

ಅದೇ ದುಡ್ಡಿಗೆ, ಅಥವಾ ದುಡ್ಡಿಲ್ಲದೆ

ವಿಶ್ರಾಂತಿಯೇ ಗುರಿಯಾದರೆ ತೇಲುವ ತೊಟ್ಟಿಯನ್ನೂ ಪರಿಗಣಿಸಿ. ಮೈಯ ಬಿಸಿಗೆ ಹತ್ತಿರದ ಬೆಚ್ಚಗಿನ ನೀರು, ಮೊಣಕಾಲಿಗಿಂತ ಕಡಿಮೆ ಆಳ, ಅದರಲ್ಲಿ ನೂರಾರು ಕಿಲೋ ಎಪ್ಸಮ್ ಉಪ್ಪು. ಇದು ಅಡುಗೆ ಉಪ್ಪಲ್ಲ, ಮೆಗ್ನೀಷಿಯಂ ಸಲ್ಫೇಟ್. ಕತ್ತಲಲ್ಲಿ ಮೈ ಚೆಲ್ಲಿದರೆ ಈಜು ಬಾರದವರೂ ತೇಲುತ್ತಾರೆ. ಕುತ್ತಿಗೆ, ಬೆನ್ನಿನ ಬಿಗಿತ ಹೊತ್ತು ಬರುವವರಿಗೆ ಉಪ್ಪಿನ ಕೋಣೆಗಿಂತ ಇದೇ ಮೇಲು. ಮುಚ್ಚಿದ ಜಾಗದ ಭಯ ಇರುವವರಿಗೆ ಬೇಡ. ಚರ್ಮದ ಮೇಲೆ ಸಣ್ಣ ಗೀರಿದ್ದರೂ ಉರಿಯುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಿ.

ಮೂಗು ಕಟ್ಟುವುದೇ ತೊಂದರೆಯಾದರೆ ಜಲನೇತಿ, ಅಂದರೆ ಉಪ್ಪುನೀರಿನಿಂದ ಮೂಗು ತೊಳೆಯುವುದು, ಅಗ್ಗ ಮತ್ತು ನೇರ. ಉಪ್ಪುನೀರು ಬೇಕಾದ ಜಾಗಕ್ಕೇ ಹೋಗುತ್ತದೆ. ನೀರಿನ ವಿಷಯದಲ್ಲಿ ಮಾತ್ರ ರಾಜಿ ಬೇಡ: ಕುದಿಸಿ ಆರಿಸಿದ ನೀರನ್ನೇ ಬಳಸಿ. ನಲ್ಲಿ, ಬಾವಿ, ಕೆರೆಯ ನೀರು ಮೂಗಿನೊಳಗೆ ಹೋಗಬಾರದು. ಮಿದುಳು ತಿನ್ನುವ ಅಮೀಬಾದಿಂದ ಕೇರಳದಲ್ಲಿ 2024 ಮತ್ತು 2025ರಲ್ಲಿ ಸಾವುಗಳಾಗಿವೆ. ಆ ಜೀವಿ ದೇಹ ಸೇರುವ ದಾರಿ ಮೂಗೇ.

ಉಪ್ಪಿನ ದೀಪ ಚೆಂದದ ರಾತ್ರಿದೀಪ. ಗಾಳಿ ಶುದ್ಧಿ ಮಾಡುವುದಿಲ್ಲ. ಮನೆಯಲ್ಲಿ ಬೆಕ್ಕಿದ್ದರೆ ನೆಕ್ಕದಂತೆ ಎತ್ತರದಲ್ಲಿಡಿ. ಬಾಯಲ್ಲಿಟ್ಟು ಎಳೆಯುವ ಉಪ್ಪಿನ ಕೊಳವೆ ನನ್ನ ಪಟ್ಟಿಯಲ್ಲಿಲ್ಲ.

ಇನ್ನು ಸಮುದ್ರ. ಅಲೆ ಒಡೆಯುವ ಕಡೆ ಗಾಳಿಯಲ್ಲಿ ಉಪ್ಪಿನ ಹನಿ ನಿಜವಾಗಿಯೂ ಇರುತ್ತದೆ. ಕಾರವಾರ, ಗೋಕರ್ಣ, ಮರವಂತೆ, ಪಣಂಬೂರಿನಲ್ಲಿ ಒಂದು ತಾಸು ನಡೆದು ತುಟಿ ನೆಕ್ಕಿ ನೋಡಿ, ಯಂತ್ರದ ಕೋಣೆಯ ಅದೇ ರುಚಿ. ಜೊತೆಗೆ ನಡಿಗೆಯ ಲಾಭವೂ ಇದೆ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಎರಡು ದಿನ ಇದ್ದು ಬರುವ ಖರ್ಚನ್ನು ಹತ್ತು ಬಾರಿಯ ಪ್ಯಾಕೇಜಿನ ಪಕ್ಕ ಇಟ್ಟು ನೋಡಿದೆ. ನನ್ನ ಲೆಕ್ಕದಲ್ಲಿ ಸಮುದ್ರವೇ ಗೆದ್ದಿತು.

ಹೋಗುವುದೇ ಆದರೆ

ಪ್ಯಾಕೇಜ್ ಬೇಡ, ಒಂದೇ ಬಾರಿಗೆ ಹಣ ಕಟ್ಟಿ. ಕೋಣೆಯಲ್ಲಿ ಎಷ್ಟು ಜನ ಕೂರುತ್ತಾರೆ, ಒಂದು ಗುಂಪು ಎದ್ದ ಮೇಲೆ ಇನ್ನೊಂದು ಬರುವ ಮೊದಲು ಗಾಳಿಯಾಡಲು ಎಷ್ಟು ಹೊತ್ತು ಬಿಡುತ್ತಾರೆ, ನೆಲದ ಉಪ್ಪನ್ನು ಯಾವಾಗ ಬದಲಿಸುತ್ತಾರೆ ಎಂದು ಕೇಳಿ. ನೆಲದ ಉಪ್ಪನ್ನು ತೊಳೆಯಲಾಗುವುದಿಲ್ಲ, ಬದಲಿಸಲೇಬೇಕು. ತೊಳೆದ ಕಾಲುಚೀಲ ಒಯ್ಯಿರಿ. ಮಕ್ಕಳ ಕೋಣೆಯಲ್ಲಿ ಉಪ್ಪನ್ನು ಮರಳಿನಂತೆ ಆಡಲು ಬಿಡುತ್ತಾರೆ. ಚಿಕ್ಕ ಮಕ್ಕಳು ಅದನ್ನು ಬಾಯಿಗೆ ಹಾಕಿಕೊಳ್ಳದಂತೆ ಒಬ್ಬರು ಪಕ್ಕದಲ್ಲೇ ಇರಬೇಕು. ಶ್ರವಣಯಂತ್ರ, ಕೈಗಡಿಯಾರ, ಮೊಬೈಲ್ ಹೊರಗಿರಲಿ, ಉಪ್ಪಿನ ಪುಡಿ ಅವುಗಳ ಶತ್ರು. ವಾರದ ನಡುವಿನ ಬೆಳಗ್ಗೆ ಹನ್ನೊಂದರ ಹೊತ್ತು ಹೋದರೆ ಕೋಣೆ ಹೆಚ್ಚುಕಡಿಮೆ ಖಾಲಿ ಇರುತ್ತದೆ, ಬೇಕಾದ ಮೌನ ಸಿಗುತ್ತದೆ.

ನಾನು ಈಗ ತಿಂಗಳಿಗೊಮ್ಮೆ ಹೋಗುವುದು ಯಂತ್ರವಿಲ್ಲದ ಕೋಣೆಗೆ. ಅಲ್ಲಿ ಚೆನ್ನಾಗಿ ನಿದ್ದೆ ಬರುತ್ತದೆ. ಅಕ್ಕನಿಗೆ ಡಾಕ್ಟರು ಪಂಪ್ ಎಳೆಯುವ ಕ್ರಮವನ್ನು ಹೊಸದಾಗಿ ಹೇಳಿಕೊಟ್ಟರು. ಇಷ್ಟು ವರ್ಷ ಔಷಧದ ಬಹುಪಾಲು ಅವಳ ಗಂಟಲಿನಲ್ಲೇ ಉಳಿಯುತ್ತಿತ್ತು. ಪಂಪಿಗೆ ಜೋಡಿಸುವ ಸ್ಪೇಸರ್ ಎಂಬ ಕೊಳವೆ ಕೊಂಡೆವು, ಆ ದಿನ ಉಪ್ಪಿನ ಕೋಣೆಗೆ ಕೊಟ್ಟ ಶುಲ್ಕಕ್ಕಿಂತ ಅಗ್ಗವಾಗಿ. ಸಂಜೆ ಅವಳು ಕಡಲ ಬದಿಗೆ ನಡೆಯಲು ಹೋಗುತ್ತಾಳೆ. ಈ ಬೇಸಿಗೆಯಲ್ಲಿ ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಆಗರ ತೋರಿಸುತ್ತೇನೆ, ಬಾ ಎಂದಿದ್ದಾಳೆ.